ತೊಟ್ಟಿಲಲ್ಲಿದ್ದ ಕೈಗಡಿಯಾರ

ನಮ್ಮ ಮನೆಯ ತೊಟ್ಟಿಲಲ್ಲಿ ನನಗಿಂತ ಮೊದಲು ಮಲಗಿದ್ದುದು ನನ್ನ ತಂದೆಯ ಕೈಗಡಿಯಾರ. ನಡುಮನೆಯ ತೊಲೆಯಿಂದ ಹಿತ್ತಾಳೆಯ ಸರಪಳಿಗಳಲ್ಲಿ ಇಳಿಬಿಟ್ಟ ಹಳೆಯ ಮರದ ತೊಟ್ಟಿಲು. ಮಾಡಿನ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ಚೌಕ. ತೊಟ್ಟಿಲು ಈಚೆ ಬಂದಾಗ ಆ ಬಿಸಿಲು ಒಳಗಿನ ಹಾಸಿಗೆಯ ಮೇಲೆ, ಆಚೆ ಹೋದಾಗ ಕೆಂಪು ನೆಲದ ಮೇಲೆ. ಹಗ್ಗ ಹಿಡಿದು ತೂಗುತ್ತ ಕುಳಿತವಳು ನನ್ನ ಅಜ್ಜಿ. ನಾನು ಹುಟ್ಟುವುದಕ್ಕೆ ಮೊದಲಿನ ಈ ನೋಟವನ್ನು ನಾನು ಕಂಡಿರಲು ಸಾಧ್ಯವಿಲ್ಲ. ಆದರೆ ಅಮ್ಮ ಒಂದಿಷ್ಟು ಹೇಳಿ, ಅಜ್ಜಿ ಒಂದಿಷ್ಟು ಹೇಳಿ, ಅಪ್ಪ ಅಪರೂಪಕ್ಕೆ ತನ್ನ ಪಾಲಿನದನ್ನು ಸೇರಿಸಿ, ಅದೇ ನನ್ನ ಮೊದಲ ನೆನಪಾಗಿ ಕುಳಿತುಬಿಟ್ಟಿದೆ. ಬೇರೆಯವರ ಕನಸು ದಾರಿ ತಪ್ಪಿ ನನ್ನ ನಿದ್ದೆಗೆ ಬಂದ ಹಾಗೆ.

ಅಜ್ಜಿಯ ಹೆಸರು ಮರುದೇವಿ. ಊರಿಗೆಲ್ಲ ಮರುದೇವಮ್ಮ. ಮಗ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಗಂಡನನ್ನು ಕಳೆದುಕೊಂಡಿದ್ದಳು. ಬಸದಿಯ ಹಿಂದಿನ ಹೂದೋಟ ಅವಳ ಸುಪರ್ದಿನಲ್ಲಿತ್ತು. ಬೆಳಗಿನ ಪೂಜೆಯ ಹೂವೆಲ್ಲ ಅವಳ ಕೈಯಿಂದಲೇ ಹೋಗಬೇಕು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಬಳೆ ತೆಗೆದ ಮೇಲೆ ಆ ಮುಂಗೈಗಳ ಮೇಲೆ ಒಂದು ದಾರವನ್ನೂ ಅವಳು ಕಟ್ಟಿಕೊಂಡವಳಲ್ಲ.

ಮಗ ಧರಣೇಂದ್ರ, ಎಂದರೆ ನನ್ನ ಅಪ್ಪ, ಊರಿಂದೂರಿಗೆ ಸುದ್ದಿ ಒಯ್ಯುವ ತಂತಿಯ ಕಂಬಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಗಾಳಿಗೆ ಬಾಗಿದ ಕಂಬ, ಹರಿದ ತಂತಿ, ಬಳ್ಳಿ ಹಬ್ಬಿದ ಕಡೆ ಹುಡುಕುತ್ತ ಬಯಲಲ್ಲಿ ದಿನವೆಲ್ಲ ನಡಿಗೆ. ಅವನ ಕೈಯಲ್ಲಿದ್ದ ಗಡಿಯಾರವೂ ನಡೆಯುವವರಿಗೆಂದೇ ಮಾಡಿದ್ದು. ಅದಕ್ಕೆ ಕೀಲಿ ಕೊಡುವ ಹಾಗಿರಲಿಲ್ಲ. ಪಕ್ಕದಲ್ಲಿದ್ದ ಪುಟ್ಟ ಗುಂಡಿ ಮುಳ್ಳು ತಿರುಗಿಸುವುದಕ್ಕೆ ಮಾತ್ರ. ಒಳಗೆ ಅರ್ಧಚಂದ್ರದಂಥ ಒಂದು ತೂಕವಿದೆಯಂತೆ. ಕೈ ಆಡಿದ ಹಾಗೆಲ್ಲ ಅದು ಆ ಕಡೆ ಈ ಕಡೆ ತಿರುಗಿ ತನ್ನಷ್ಟಕ್ಕೆ ಕೀಲಿ ಕೊಟ್ಟುಕೊಳ್ಳುತ್ತದಂತೆ. ಕೈ ಸುಮ್ಮನಾದರೆ ಮಾರನೆಯ ದಿನ ಹೇಗೋ ಓಡಿ ಆಮೇಲೆ ನಿಂತುಬಿಡುತ್ತದೆ. ಅಪ್ಪ ಇದನ್ನು ಹೊಸದರಲ್ಲಿ ತಾಯಿಗೆ ಉತ್ಸಾಹದಿಂದ ವಿವರಿಸಿದಾಗ ಅವಳ ಮುಖ ಬಾಡಿತಂತೆ. ಹಾಗಾದರೆ ಇದು ನಿನ್ನ ಮೈಯ ಕಸುವನ್ನು ಕುಡಿದು ಬದುಕುವ ವಸ್ತು ಎಂದಳಂತೆ. ಅಪ್ಪ ನಕ್ಕ. ಅವಳು ನಗಲಿಲ್ಲ.

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಅಪ್ಪನಿಗೆ ಕೆಮ್ಮು ಹಿಡಿಯಿತು. ಮಳೆಗಾಲದ ಕೆಮ್ಮು ಎಂದು ಮೊದಲು, ಬಯಲ ಧೂಳಿನ ಕೆಮ್ಮು ಎಂದು ಆಮೇಲೆ. ಕೊನೆಗೊಂದು ಬೆಳಗ್ಗೆ ಟವೆಲಿನಲ್ಲಿ ರಕ್ತ ಕಂಡಿತು. ಊರಿನಾಚೆ, ನೀಲಗಿರಿ ಮರಗಳ ನಡುವೆ, ಎದೆರೋಗದವರಿಗೆಂದೇ ಒಂದು ಆಸ್ಪತ್ರೆಯಿತ್ತು. ಎಲ್ಲರೂ ಅದನ್ನು ಬೆಟ್ಟದ ಆಸ್ಪತ್ರೆ ಎನ್ನುತ್ತಿದ್ದರು. ನಮ್ಮ ಹಿತ್ತಲಲ್ಲಿ ನಿಂತರೆ ಅದರ ಬಿಳಿಯ ಗೋಡೆ ಮಂಜಿನಲ್ಲಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕರಗುತ್ತಿತ್ತು. ಅಪ್ಪನನ್ನು ಅಲ್ಲಿ ಸೇರಿಸಿದರು. ಮರುದೇವಮ್ಮ ಬಾಗಿಲವರೆಗೆ ಬಂದು ನಿಂತಳೇ ಹೊರತು ಹೊಸ್ತಿಲು ದಾಟಲಿಲ್ಲ. ಜೊತೆಗೆ ಹೋದವಳು ನನ್ನ ಅಮ್ಮ ಸುಪ್ರಭೆ. ಆಗ ನಾನು ಅವಳ ಬಸಿರಲ್ಲಿದ್ದೆ. ಇನ್ನೂ ಹೊರಗೆ ಕಾಣದಷ್ಟು ಚಿಕ್ಕದಾಗಿ.

ಅಲ್ಲಿನ ಮದ್ದಿಗಿಂತ ದೊಡ್ಡ ಮದ್ದು ಅಲುಗದೆ ಮಲಗುವುದು. ಎದೆಯ ಗಾಯ ಮಾಯಬೇಕಾದರೆ ಕೈ ಎತ್ತಬಾರದು, ಎದ್ದು ಕೂರಬಾರದು, ಜೋರಾಗಿ ಮಾತಾಡಬಾರದು. ದಿನವೆಲ್ಲ ನಡೆಯುತ್ತಿದ್ದ ಮನುಷ್ಯ ಒಂದು ಕಬ್ಬಿಣದ ಮಂಚದ ಮೇಲೆ ಬಿದ್ದುಕೊಂಡ. ಗಡಿಯಾರ ಅವನ ಕೈಯಲ್ಲೇ ನಿಂತುಹೋಯಿತು. ಮುಂದಿನ ಸಲ ಅಮ್ಮ ನೋಡಲು ಹೋದಾಗ ಅವನು ಅದನ್ನು ಬಿಚ್ಚಿ ದಿಂಬಿನ ಪಕ್ಕ ಮಗುಚಿ ಇಟ್ಟಿದ್ದ. ಕೆಟ್ಟಿದೆಯೇ ಎಂದು ಅಮ್ಮ ಕೇಳಿದಳು. ಕೆಟ್ಟಿಲ್ಲ ಎಂದ. ಅವಳ ಕೈಗೆ ಅದನ್ನು ತಳ್ಳಿದ.

"ಇದನ್ನ ನೀನು ಕಟ್ಕೋ, ಸುಪ್ರಭಾ. ನಿಲ್ಲದ ಹಾಗೆ ನೋಡ್ಕೋ. ಬರುವಾಗೆಲ್ಲ ತಗೊಂಡು ಬಾ, ಒಂದು ಗಳಿಗೆ ಕಿವಿ ಹತ್ರ ಇಟ್ಕೊಂಡು ಕೊಡ್ತೀನಿ. ನನ್ನ ನಡಿಗೆ ನಿಂತರೂ ಮನೇಲಿ ಯಾರೋ ಓಡಾಡ್ತಿದಾರೆ ಅಂತ ಆಗುತ್ತೆ."

ಗಂಡಹೆಂಡಿರಲ್ಲಿ ಅದುವರೆಗೆ ಹೆಚ್ಚಿನ ಮಾತೇ ಬೆಳೆದಿರಲಿಲ್ಲ. ಅಷ್ಟು ಉದ್ದದ ಮಾತನ್ನು ಅವನು ತನಗೆಂದು ಆಡಿದ್ದು ಅದೇ ಮೊದಲು ಎಂದು ಅಮ್ಮ ಹೇಳುತ್ತಿದ್ದಳು. ಅವಳು ಅಲ್ಲೇ, ಮಂಚದ ಪಕ್ಕದಲ್ಲೇ, ಅದನ್ನು ಕಟ್ಟಿಕೊಂಡಳು. ಪಟ್ಟಿ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿತ್ತು. ಬೆಟ್ಟ ಇಳಿದು ಬರುವಷ್ಟರಲ್ಲಿ ಅದು ಮತ್ತೆ ಓಡತೊಡಗಿತ್ತು.

ಹಸಿರು ಬಳೆಗಳ ನಡುವೆ ಗಂಡಸಿನ ದಪ್ಪ ಗಡಿಯಾರ ಕಟ್ಟಿಕೊಂಡು ನೀರು ಸೇದುವ ಹೆಂಗಸನ್ನು ಊರು ಕಂಡಿರಲಿಲ್ಲ. ಬಾವಿಕಟ್ಟೆಯಲ್ಲಿ ಮಾತು ಹುಟ್ಟಿತು, ಸತ್ತಿತು. ಅಮ್ಮ ಲೆಕ್ಕಕ್ಕಿಡಲಿಲ್ಲ. ಮುಸುರೆ ತಿಕ್ಕುವಾಗ ಮಾತ್ರ ಬಿಚ್ಚಿ ಗೂಡಿನಲ್ಲಿಟ್ಟು, ಕೈ ಒರೆಸಿಕೊಂಡ ತಕ್ಷಣ ಕಟ್ಟಿಕೊಳ್ಳುತ್ತಿದ್ದಳು. ಸುಮ್ಮನೆ ಕುಳಿತಿದ್ದು ಹೆಚ್ಚಾಯಿತೆನಿಸಿದರೆ ಎದ್ದು ಹಿತ್ತಲಲ್ಲಿ ಎರಡು ಸುತ್ತು ಹಾಕಿ ಬರುವಳು. ಮಾತು ನಾಟಿದ್ದು ಮರುದೇವಮ್ಮನ ಎದೆಗೆ. ಮಗನ ಕಸುವನ್ನು ಹೀರಿದ ವಸ್ತು ಈಗ ಸೊಸೆಯ ಕೈ ಹಿಡಿದಿದೆ ಎಂಬ ಭಯ ಒಂದು ಕಡೆ. ಅದನ್ನು ಕೊಡುವುದಾದರೆ ಹೆತ್ತವಳಿಗೆ ಕೊಡಬಾರದಿತ್ತೇ ಎಂಬ ಹೊಟ್ಟೆಯುರಿ ಇನ್ನೊಂದು ಕಡೆ. ಅವಳು ಎರಡನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ಸೊಸೆ ಬೆಟ್ಟಕ್ಕೆ ಹೊರಡುವ ದಿನ ಬುತ್ತಿ ಕಟ್ಟಿಕೊಡುವಳು, ಬಸದಿಯ ಅಭಿಷೇಕದ ಗಂಧೋದಕ ಕಳಿಸುವಳು, ಬಂದ ಮೇಲೆ ಮಗ ಏನು ತಿಂದ, ಎಷ್ಟು ಕೆಮ್ಮಿದ ಎಂದು ಕೇಳುವಳು. ನೀವೂ ಬನ್ನಿ ಎಂದರೆ ಮಾತ್ರ ಹೂವಿನ ಗಿಡಕ್ಕೆ ನೀರಿಲ್ಲವೆಂದು ಎದ್ದುಹೋಗುವಳು. ತಾಯಿಯಾಗಿ ಒಂದು ಸಲವೂ ಹೋಗಲಿಲ್ಲವಲ್ಲ, ಎಂಥ ಕಲ್ಲು ಮನಸ್ಸು ಎಂದು ನೆರೆಮನೆಯ ಜ್ವಾಲಮ್ಮ ಅಂದಾಗ ನನ್ನ ಅಮ್ಮನೂ ಒಳಗೊಳಗೇ ಹೌದೆಂದುಕೊಂಡಳಂತೆ.

ಬಸಿರಲ್ಲಿದ್ದ ನನಗೆ ಐದು ತಿಂಗಳು ತುಂಬುವ ಮೊದಲೇ ಅಮ್ಮನಿಗೆ ತೊಂದರೆ ಕಾಣಿಸಿಕೊಂಡಿತು. ವೈದ್ಯರು ಬಂದು ನೋಡಿ, ಮಗು ಉಳಿಯಬೇಕಾದರೆ ಇವರು ಹೆರಿಗೆಯವರೆಗೆ ಮಂಚ ಇಳಿಯಬಾರದು ಎಂದರು. ಹೀಗೆ ಒಂದೇ ಮನೆಯ ಇಬ್ಬರು, ಒಬ್ಬರು ಬೆಟ್ಟದ ಮೇಲೆ, ಒಬ್ಬರು ಬೆಟ್ಟದ ಕೆಳಗೆ, ಅಲುಗದೆ ಮಲಗಿದರು. ಗಡಿಯಾರ ಮತ್ತೆ ನಿಂತಿತು.

ಅದು ನಿಂತದ್ದನ್ನು ಕಂಡು ಅಮ್ಮ ಅತ್ತಳು. ತನ್ನ ಮೈಯ ನೋವಿಗೆ ಅಳದವಳು ಇದಕ್ಕೆ ಅತ್ತದ್ದು ಮರುದೇವಮ್ಮನಿಗೆ ಅರ್ಥವಾಗಲಿಲ್ಲ. ಅಮ್ಮ ಅದನ್ನು ಬಿಚ್ಚಿ ಅತ್ತೆಯ ಕಡೆ ಚಾಚಿದಳು. ನೀವು ಹೂ ಬಿಡಿಸುವಾಗ, ನೀರು ಹಾಕುವಾಗ ಕೈಯಲ್ಲಿದ್ದರೆ ಸಾಕು, ತಾನಾಗಿ ಓಡುತ್ತದೆ ಎಂದು ಬೇಡಿಕೊಂಡಳು. ಮರುದೇವಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಕೈಗಾ? ಈ ಕೈಗೆ ಏನೂ ಕಟ್ಟಬಾರದು ಕಣೇ. ನಿಂಗೆ ಗೊತ್ತಿಲ್ವಾ?"

ಗಡಿಯಾರ ಬಳೆಯಲ್ಲ ಎಂದು ಅಮ್ಮ ಹೇಳಬಹುದಿತ್ತು. ಗೋಡೆಯ ಕಡೆ ತಿರುಗಿ ಮಲಗಿದಳು. ಆ ಮಧ್ಯಾಹ್ನ ಅವಳು ಊಟ ಮುಟ್ಟಲಿಲ್ಲ. ಸಂಜೆ ಅಟ್ಟದ ಮೇಲೆ ಏನೋ ಎಳೆದಾಡುವ ಸದ್ದು ಕೇಳಿಸಿತು. ನೆರೆಮನೆಯ ನಾಗಕುಮಾರಯ್ಯ, ಜ್ವಾಲಮ್ಮನ ಗಂಡ, ಮೇಲೆ ಹತ್ತಿ ಅಪ್ಪ ಮಲಗಿ ಬೆಳೆದ ತೊಟ್ಟಿಲನ್ನು ಇಳಿಸಿಕೊಡುತ್ತಿದ್ದರು. ಮರುದೇವಮ್ಮ ಅದರ ಧೂಳೊರೆಸಿ, ಸರಪಳಿಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ನಡುಮನೆಯಲ್ಲಿ ಸೊಸೆಗೆ ಕಾಣುವ ಹಾಗೆ ಕಟ್ಟಿಸಿದಳು. ಗಡಿಯಾರವನ್ನು ತಂದು ಹಾಸಿಗೆಯ ಮೇಲೆ ಮಲಗಿಸಿ ತೂಗಿದಳು. ಅದು ಓಡಲಿಲ್ಲ. ಅಂಗಾತ ಇಟ್ಟರೆ ಒಳಗಿನ ತೂಕ ಸರಿಯಾಗಿ ತಿರುಗುವುದಿಲ್ಲ, ಕೈಯಲ್ಲಿದ್ದ ಹಾಗೆ ನಿಲ್ಲಿಸಬೇಕು ಎಂದು ಅಮ್ಮ ಮಲಗಿದಲ್ಲಿಂದಲೇ ಹೇಳಿದಳು. ಮರುದೇವಮ್ಮ ತನ್ನ ಹಳೆಯ ಸೀರೆಯ ತುಂಡೊಂದನ್ನು ಮುಂಗೈ ದಪ್ಪಕ್ಕೆ ಸುರುಳಿ ಸುತ್ತಿ, ಅದಕ್ಕೆ ಪಟ್ಟಿ ಬಿಗಿದು, ಎರಡು ದಿಂಬುಗಳ ನಡುವೆ ಆತುಕೊಳ್ಳುವಂತೆ ಇಟ್ಟಳು. ಹಗ್ಗ ಎಳೆದಳು. ಸ್ವಲ್ಪ ಹೊತ್ತಿನಲ್ಲಿ ಸೆಕೆಂಡಿನ ಮುಳ್ಳು ಬೆಚ್ಚಿದಂತೆ ಅಲುಗಿ ಹೊರಟಿತು.

ಜ್ವಾಲಮ್ಮ ಗಲ್ಲಕ್ಕೆ ಕೈಹಚ್ಚಿ ನಿಂತಳಂತೆ. ಬಸುರಿಯಿರುವ ಮನೆಯಲ್ಲಿ ಮಗುವಿಲ್ಲದ ತೊಟ್ಟಿಲು ತೂಗುವುದೇ, ಇದಕ್ಕಿಂತ ಕೇಡು ಉಂಟೇ ಎಂದಳು. ಇಂಥ ಕೇಡುಗಳನ್ನು ಊರಿಗೆಲ್ಲ ಹೇಳಿಕೊಡುತ್ತಿದ್ದವಳೇ ಮರುದೇವಮ್ಮ. ಅವಳು ಹಗ್ಗ ಬಿಡದೆ ಹೇಳಿದಳು: "ಖಾಲಿ ಎಲ್ಲಿದೆ? ಬಂದು ನೋಡು, ಉಸಿರಾಡ್ತಿದೆ."

ಆ ತಿಂಗಳುಗಳು ನಮ್ಮ ಮನೆಯಲ್ಲಿ ನೀರೊಳಗೆ ಕಳೆದ ಹಾಗೆ ಕಳೆದವು. ಹೂದೋಟದಿಂದ ಬಂದ ಕೂಡಲೆ ಮರುದೇವಮ್ಮ ಹಗ್ಗ ಹಿಡಿಯುವಳು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬೇಳೆಯ ಮೊರ. ಬಿಸಿಲಿನ ಚೌಕ ತೊಟ್ಟಿಲ ಒಳಗೆ ಹೊರಗೆ ಹೋಗಿಬರುತ್ತಿತ್ತು. ಗಡಿಯಾರದ ಗಾಜಿಗೆ ತಾಗಿದಾಗ ಒಂದು ಬೆಳಕಿನ ಹರಳು ಹಾರಿ ಅಮ್ಮ ಮಲಗಿದ್ದ ಕೋಣೆಯ ಗೋಡೆಯನ್ನು ದಾಟಿ ಹೋಗುತ್ತಿತ್ತು. ಆ ಹರಳನ್ನು ನೋಡುತ್ತ ನೋಡುತ್ತ ಅಮ್ಮನಿಗೆ ನಿದ್ದೆ ಬರುತ್ತಿತ್ತಂತೆ. ನಿದ್ದೆಯಲ್ಲಿ ಅಪ್ಪ ತಂತಿಯ ಕಂಬಗಳ ಕೆಳಗೆ ನಡೆಯುತ್ತಿರುತ್ತಿದ್ದ. ಎಚ್ಚರಾದಾಗ ಅತ್ತೆ ಏನೋ ಗುನುಗುವುದು ಕೇಳುತ್ತಿತ್ತು. ಗಂಡ ಹೋದ ಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹಾಡುತ್ತೀರಾ ಎಂದು ಕೇಳಿದರೆ ನಿಲ್ಲಿಸಿಬಿಟ್ಟಾಳೆಂದು ಅಮ್ಮ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು.

ಬೆಟ್ಟಕ್ಕೆ ಹೋಗಿಬರುತ್ತಿದ್ದವರು ನಾಗಕುಮಾರಯ್ಯ. ದಾರಿಯಲ್ಲಿ ಬಿದ್ದು ಒಡೆದೀತೆಂದು ಗಡಿಯಾರವನ್ನು ಒಯ್ಯಲು ಅವರು ಒಪ್ಪಲಿಲ್ಲ. ಅದು ತೊಟ್ಟಿಲಲ್ಲಿದೆ, ನಿಮ್ಮ ತಾಯಿ ತೂಗುತ್ತಿದ್ದಾರೆ ಎಂಬ ಸುದ್ದಿಯನ್ನು ಮಾತ್ರ ಒಯ್ದರು. ಅಪ್ಪ ಅದನ್ನು ಕೇಳಿ, ಯಾವ ತೊಟ್ಟಿಲು ಎಂದು ಕೇಳಿದನಂತೆ.

ನಾನು ದಿನ ತುಂಬಿಯೇ ಹುಟ್ಟಿದೆ. ಸಣ್ಣಗಿದ್ದೆ, ಆದರೆ ಗಟ್ಟಿಯಾಗಿ ಅತ್ತೆ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕೇರಿಯ ಹೆಂಗಸರೆಲ್ಲ ಬಂದರು. ಅರಿಶಿನ ಹಚ್ಚಿದ ಸರಪಳಿ, ಬೇವಿನ ಎಲೆ, ಕಡಲೆಯ ಬಟ್ಟಲು. ಒಳಗೆ ಇನ್ನೂ ಗಡಿಯಾರ ಕಟ್ಟಿದ ಆ ಬಟ್ಟೆಯ ಸುರುಳಿ. ಅದನ್ನು ತೆಗೆಯಿರಿ, ಇನ್ನು ಅದರ ಒಡೆಯರು ಬಂದರು ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಮರುದೇವಮ್ಮ ಸುರುಳಿಯನ್ನು ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತಳು.

ಅದೇ ಹೊತ್ತಿಗೆ ನಾಗಕುಮಾರಯ್ಯ ಬೆಟ್ಟದಿಂದ ಬಂದರು. ಅವರನ್ನು ಕಂಡೇ ಹೆಂಗಸರ ಮಾತು ತಗ್ಗಿತು. ಮಲಗುವುದರಿಂದಷ್ಟೇ ವಾಸಿಯಾಗುವ ಹಾಗೆ ಕಾಣುತ್ತಿಲ್ಲ, ಪಕ್ಕೆಲುಬು ತೆಗೆದು ಆ ಕಡೆಯ ಶ್ವಾಸಕೋಶವನ್ನು ಕುಗ್ಗಿಸಬೇಕೆಂದು ದೊಡ್ಡ ಡಾಕ್ಟರು ಹೇಳಿದ್ದಾರೆ, ಅದೇ ವಾರದಲ್ಲಿ ಶಸ್ತ್ರಕ್ರಿಯೆ ಎಂದರು. ಆಮೇಲೆ ಮರುದೇವಮ್ಮನ ಕಡೆ ತಿರುಗಿ, "ಅಮ್ಮ ಒಂದು ಸಲ ಬರಲಿ ಅಂದ," ಎಂದರು.

ಕೋಣೆಯ ಬಾಗಿಲಲ್ಲಿ ನನ್ನನ್ನು ಎತ್ತಿಕೊಂಡು ಕುಳಿತಿದ್ದ ಅಮ್ಮ ಅತ್ತೆಯನ್ನೇ ನೋಡುತ್ತಿದ್ದಳು.

"ಮಗೂನ ಬಿಟ್ಟು ನಾನು ಹೋಗೋ ಹಾಗಿಲ್ಲ, ಕರಕೊಂಡು ಅಲ್ಲಿಗೆ ಹೋಗೋ ಹಾಗೂ ಇಲ್ಲ. ಇನ್ನು ಹೋಗೋರು ನೀವೇ, ಅತ್ತೆ. ಅದನ್ನ ಕಟ್ಕೊಂಡು ಹೋಗಿ. ನಿಂತ ಗಡಿಯಾರ ತಗೊಂಡು ಹೋಗಬೇಡಿ ಅವರ ಹತ್ರ."

ಮರುದೇವಮ್ಮ ಸುರುಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಒಗೆಯುವ ಕಲ್ಲಿನ ಮೇಲೆ ಕುಳಿತು ಬೆಟ್ಟದ ಕಡೆ ನೋಡಿದಳು. ಆ ದಿನ ಮಂಜಿರಲಿಲ್ಲ. ಅವಳ ಮನಸ್ಸಿನಲ್ಲಿ ಅಲ್ಲಿ ಏನು ನಡೆಯಿತೆಂಬುದನ್ನು ನಾನು ದೊಡ್ಡವಳಾದ ಮೇಲೆ ಅವಳೇ ಹೇಳಿದಳು. ಅದುವರೆಗೆ ಅಮ್ಮನಿಗೂ ಗೊತ್ತಿರಲಿಲ್ಲ. ನನ್ನ ಅಜ್ಜ ತೀರಿಕೊಂಡದ್ದು ಅದೇ ರೋಗದಿಂದ, ಅದೇ ಬೆಟ್ಟದ ಮೇಲೆ. ಆಗಿನ ಆಸ್ಪತ್ರೆಯೆಂದರೆ ಹುಲ್ಲು ಹೊದಿಸಿದ ಒಂದು ಸಾಲು. ಅಂಬೆಗಾಲಿನ ಮಗುವನ್ನು ಅಕ್ಕಪಕ್ಕದವರಿಗೆ ಒಪ್ಪಿಸಿ ಅವಳು ಒಬ್ಬಳೇ ಹೋಗಿದ್ದಳು. ಹತ್ತುವಾಗ ಕೈತುಂಬ ಬಳೆ. ಇಳಿಯುವಾಗ, ಬೆಟ್ಟದ ಬುಡದ ನೀರಿನ ಕಾಲುವೆಯ ಹತ್ತಿರ, ಹೆಸರೂ ಗೊತ್ತಿಲ್ಲದ ಇಬ್ಬರು ಹೆಂಗಸರು ಅವಳನ್ನು ಕೂರಿಸಿ ಬಳೆ ಒಡೆದಿದ್ದರು. ಊರಿಗೆ ಬಂದು ಅವಳು ರೋಗದ ಹೆಸರನ್ನೂ ಹೋದ ಜಾಗವನ್ನೂ ಹೇಳಲಿಲ್ಲ. ಹೇಳಿದ್ದರೆ ಮಗನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಜ್ವರವೆಂದಳು. ಅಂದಿನಿಂದ ಆ ದಾರಿಗೆ ಕಾಲಿಟ್ಟಿರಲಿಲ್ಲ. ತಾನು ಹತ್ತಿದರೆ ಮಗನಿಗೂ ಹಾಗೇ ಆದೀತೆಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ. ಊರವರು ಕಲ್ಲು ಮನಸ್ಸೆಂದಾಗ ಅನ್ನಲಿ ಎಂದು ಬಿಟ್ಟಿದ್ದಳು.

ಅವಳು ಹಿತ್ತಲಿನಿಂದ ಒಳಗೆ ಬಂದಾಗ ಬಟ್ಟೆಯ ಸುರುಳಿ ಬಿಚ್ಚಿ ಹೆಗಲ ಮೇಲಿತ್ತು. ಎಡಗೈಯಲ್ಲಿ ಗಡಿಯಾರವಿತ್ತು. ಯಾರ ಮುಖವನ್ನೂ ನೋಡದೆ ಅಮ್ಮನ ಮಡಿಲಿಂದ ನನ್ನನ್ನು ಎತ್ತಿಕೊಂಡು, ತೊಟ್ಟಿಲಲ್ಲಿ ಮಲಗಿಸಿ, ಅದೇ ಕೈಯಿಂದ ತೂಗಿದಳು. ಹೆಂಗಸರಲ್ಲಿ ಒಬ್ಬರು ಮುಖ ತಿರುಗಿಸಿದರಂತೆ. ಜ್ವಾಲಮ್ಮ ಮಾತ್ರ, ಎಲ್ಲಕ್ಕೂ ಒಂದು ಮಾತು ಇಟ್ಟುಕೊಂಡಿರುತ್ತಿದ್ದವಳು, ಮೆಲ್ಲನೆ ಜೋಗುಳ ಎತ್ತಿಕೊಂಡಳು. ಉಳಿದವರು ಸೇರಿಕೊಂಡರು.

ಮರುದಿನ ಬೆಳಗ್ಗೆ ಅವಳು ಬೆಟ್ಟ ಹತ್ತಿದಳು. ಜೊತೆಗೆ ಬರುತ್ತೇನೆಂದ ನಾಗಕುಮಾರಯ್ಯನನ್ನು ಬೇಡವೆಂದಳು. ಕಾಲುವೆಯ ಹತ್ತಿರ ಬಂದು ನಿಂತಳು. ನೀರು ಅಂದಿನಂತೆಯೇ ಹರಿಯುತ್ತಿತ್ತು. ಅಲ್ಲಿ ನಿಂತಷ್ಟು ಹೊತ್ತೂ ಎಡಗೈಯನ್ನು ಮಾತ್ರ ಬೀಸುತ್ತಲೇ ಇದ್ದೆ, ಗಡಿಯಾರ ನಿಂತುಬಿಟ್ಟೀತೆಂದು, ಎಂದು ಹೇಳುವಾಗ ಅವಳಿಗೇ ನಗು ಬರುತ್ತಿತ್ತು. ಹಾಗೆ ಕೈ ಬೀಸುತ್ತ ಬೀಸುತ್ತಲೇ ಕಾಲುವೆ ದಾಟಿದಳಂತೆ. ನೀಲಗಿರಿಯ ತರಗೆಲೆಗಳ ಮೇಲೆ ಅವಳ ಹೆಜ್ಜೆಯ ಸದ್ದು. ಮೇಲೆ, ಆ ಬಿಳಿಯ ಗೋಡೆ.

ಅಪ್ಪ ಗುರುತು ಸಿಗದಷ್ಟು ಇಳಿದಿದ್ದ. ತಾಯಿಯ ಮುಖಕ್ಕಿಂತ ಮೊದಲು ಅವನ ಕಣ್ಣಿಗೆ ಬಿದ್ದದ್ದು ಅವಳ ಮುಂಗೈ. ಅಲ್ಲೇ ಕಣ್ಣು ನಿಂತಿತು. ಅವಳು ಸ್ಟೂಲಿನ ಮೇಲೆ ಕುಳಿತು, ಮನೆಯಿಂದ ಹೊರಡುವಾಗ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಮರೆತು, ಒಂದನ್ನೇ ಹೇಳಿದಳು.

"ನಿಮ್ಮಪ್ಪನ್ನ ಇಲ್ಲೇ ಬಿಟ್ಟು ಇಳಿದಿದ್ದೆ ಕಣೋ. ಅದಕ್ಕೇ ಬರಲಿಲ್ಲ."

ಅಪ್ಪನಿಗೆ ಅದು ತಿಳಿದಿರಲಿಲ್ಲ. ಅವನು ಕೈ ಎತ್ತಬಾರದೆಂಬ ಕಟ್ಟಳೆಯನ್ನು ಮುರಿದು ಅವಳ ಮುಂಗೈಯನ್ನು ಎಳೆದುಕೊಂಡು, ಗಡಿಯಾರವನ್ನು ಬಿಚ್ಚದೆ, ಹಾಗೇ ಕಿವಿಗೆ ಒತ್ತಿಕೊಂಡ. ಅವಳ ನಾಡಿಯೂ ಅದೂ ಒಟ್ಟಿಗೆ ಕೇಳಿಸುತ್ತಿದ್ದವಂತೆ. ಮಗು ಯಾರ ಹಾಗಿದೆ ಎಂದು ಆಮೇಲೆ ಕೇಳಿದ. ನಿನ್ನ ಹಾಗೆ, ಒಂದು ಕಡೆ ನಿಲ್ಲೋದಿಲ್ಲ, ಕಾಲು ಬಡಿಯುತ್ತೆ ಎಂದಳು.

ಶಸ್ತ್ರಕ್ರಿಯೆಯ ದಿನ ಅವಳು ಹೊರಗಿನ ಜಗಲಿಯಲ್ಲಿ ನಡೆದಳು. ಕೂರಿ ಎಂದು ದಾದಿಯರು ಹೇಳಿದರೂ ಕೂರಲಿಲ್ಲ. ಅಪ್ಪ ಉಳಿದ. ಎದೆಯ ಒಂದು ಪಕ್ಕ ಕುಸಿದು, ಒಂದು ಹೆಗಲು ಇಳಿಬಿದ್ದು, ಉಳಿದ. ಬೇಸಿಗೆ ಕಳೆದು ಮಳೆ ಹಿಡಿಯುವ ಮುಂಚೆ ಮನೆಗೆ ಬಂದ. ಕಂಬಗಳ ಕೆಲಸಕ್ಕೆ ಮತ್ತೆ ಹೋಗಲಾಗಲಿಲ್ಲ. ತಂತಿ ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು. ಬಂದ ದಿನವೇ ಅಜ್ಜಿ ಗಡಿಯಾರದ ಕೊಂಡಿಗೆ ಕೈಹಾಕಿದಾಗ ಅವನು ತಡೆದ. ಕೂತು ಕೆಲಸ ಮಾಡುವವನಿಗೆ ಅದು ಯಾಕೆ, ನಿನ್ನ ಕೈಲೇ ಚೆನ್ನಾಗಿ ಓಡುತ್ತೆ ಎಂದ. ಆ ಕೈ ಆಮೇಲೆ ಬರಿದಾಗಲಿಲ್ಲ. ಬಸದಿಯಲ್ಲಿ ಕೆಲವರು ಗೊಣಗಿದರು. ಹೂವಂತೂ ಅವಳ ಕೈಯಿಂದಲೇ ಹೋಗುತ್ತಿತ್ತು.

ಬೆಟ್ಟದ ಮೇಲಿನ ದಿನಗಳನ್ನು ಅಪ್ಪ ನೆನೆಯುತ್ತಿದ್ದುದು ಕಡಿಮೆ. ನಾನು ಕಾಡಿ ಕಾಡಿ ಕೇಳಿದರೆ ಒಂದನ್ನು ಮಾತ್ರ ಹೇಳುತ್ತಿದ್ದ. ಅಜ್ಜಿ ಮೊದಲ ಸಲ ಬಂದ ದಿನ, ಅವಳ ಕೈ ಬಿಟ್ಟ ಮೇಲೆ, ಗಂಟೆ ಎಷ್ಟಮ್ಮ ಎಂದು ಅವನು ಕೇಳಿದನಂತೆ. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನೀನೇ ನೋಡಿಕೋ ಎಂದು ಮುಂಗೈಯನ್ನು ಅವನ ಕಣ್ಣ ಮುಂದೆ ಹಿಡಿದಳು. ಅದನ್ನು ಕಂಡು ಪಕ್ಕದ ಮಂಚದವನು, ನನಗೂ ಸ್ವಲ್ಪ ತೋರಿಸಿ ಎಂದ. ಅವಳು ಎದ್ದು ಅವನ ಹತ್ತಿರ ಹೋದಳು. ಅದರ ಆಚೆಯವನು ಕಣ್ಣಲ್ಲೇ ಕೇಳಿದ. ಆ ಉದ್ದನೆಯ ಕೋಣೆಯಲ್ಲಿ ಎಷ್ಟೋ ಕಾಲದಿಂದ ಅಲುಗದೆ ಮಲಗಿದ್ದ ಗಂಡಸರ ಸಾಲಿನುದ್ದಕ್ಕೆ, ಬಿಳಿಯ ಸೀರೆಯ ಮುದುಕಿಯೊಬ್ಬಳು ಎಡಗೈ ಮುಂದೆ ಚಾಚಿ, ಒಂದೊಂದು ಮಂಚದ ಬಳಿಯೂ ಒಂದಿಷ್ಟು ಬಾಗಿ ನಡೆದಳು. ಅವಳು ಹತ್ತಿರ ಬಂದ ಹಾಗೆಲ್ಲ ಒಂದೊಂದೇ ತಲೆ ದಿಂಬಿನಿಂದ ಮೆಲ್ಲನೆ ಮೇಲೇಳುತ್ತಿತ್ತು.